ಮೇಯರ್ ಅವರ ಆರೋಗ್ಯ ವಿಚಾರ

ಟೊಲೀಡೊ, ಒಹಾಯೊ
8 ಜನವರಿ 2017

ಎರಡು ನದಿಗಳ ಹವಳ ಸಾಕಣೆದಾರರ ಸಂಘದ ಮಹಾಜನರೇ, ಘನತೆವೆತ್ತ ಅಧ್ಯಕ್ಷರೇ (ಸ್ಥಾನ ಖಾಲಿ), ಗೌರವಾನ್ವಿತ ಉಪಾಧ್ಯಕ್ಷರೇ (ಫ್ಲಾರಿಡಾಕ್ಕೆ ಹೋದವರು ಹಿಂತಿರುಗಿಲ್ಲ), ಮತ್ತು ಈ ಕಾಗದ ನಿಜವಾಗಿಯೂ ತಲುಪುವ ಏಕೈಕ ಸದಸ್ಯೆ ಮಾರ್ಲಿಸ್ ಪೆಟಿಗ್ರೂ ಅವರೇ,

ಸಂಘದ ಇಪ್ಪತ್ತಮೂರನೆಯ ವಾರ್ಷಿಕ ಸಭೆಯು ನಿನ್ನೆ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ವಿಧಿವತ್ತಾಗಿ ಜರುಗಿತೆಂದು ತಿಳಿಸಲು ಕಾರ್ಯದರ್ಶಿಯಾದ ನಾನು ಹರ್ಷಿಸುತ್ತೇನೆ. ಹಾಜರಿ: ಒಬ್ಬರು. ಕೋರಂ ಇಲ್ಲವೆಂದು ಆಕ್ಷೇಪಿಸುವವರೂ ಇರಲಿಲ್ಲವಾದ್ದರಿಂದ ಸಭೆ ಸುಸೂತ್ರವಾಗಿ ನಡೆಯಿತು. ‘ಹಿತ್ತಾಳೆ ಮತ್ತು ಹವಳ ಒಂದೇ ಸೂರಿನಡಿ ಏಕೆ ಇರಕೂಡದು’ ಎಂಬ ನನ್ನ ವಾರ್ಷಿಕ ಉಪನ್ಯಾಸವನ್ನು ನಾನೇ ಕೊಟ್ಟು ನಾನೇ ಕೇಳಿದೆ. ಹಿಂದಿನ ವರ್ಷಕ್ಕಿಂತ ಸುಧಾರಿಸಿದೆ. ಉಳಿದ ಸದಸ್ಯರೆಲ್ಲ ಕಂಪ್ಯೂಟರಿನ ಚರ್ಚಾಕೂಟಗಳಿಗೆ ವಲಸೆ ಹೋಗಿದ್ದಾರೆ. ಅಲ್ಲಿ ಒಂದು ಪ್ರಶ್ನೆಗೆ ನಲವತ್ತು ಉತ್ತರ, ಐವತ್ತು ತತ್ತರ.

ನೀವು ಊರು ಬಿಟ್ಟು ಮೂರು ವರ್ಷವಾದ್ದರಿಂದ ನಿಯಮಗಳನ್ನು ನೆನಪಿಸುವುದು ನನ್ನ ಕರ್ತವ್ಯ. ಮೂರನೆಯ ನಿಯಮ: ಹವಳ ಸಾಕುವ ಗಾಜಿನ ತೊಟ್ಟಿಯ ಬಗ್ಗೆ ದೂರು ಹೇಳುವವರು ಆ ತೊಟ್ಟಿಯ ನೀರನ್ನು ಪುಟ್ಟ ಶೀಶೆಯಲ್ಲಿ ತುಂಬಿ ಜೊತೆಗೆ ಕಳಿಸಬೇಕು. ಸಂಘ ಇಂದಿಗೂ ಅಂಚೆಯನ್ನೇ ನೆಚ್ಚಿರುವುದು ಇದಕ್ಕೇ. ನೀರನ್ನು ಫೋನಿನಲ್ಲಿ ಕಳಿಸಲಾಗದು. ನಾಲ್ಕನೆಯ ನಿಯಮ: ಸಂಘದ ಹವಳದ ತುಂಡನ್ನು ಪುಕ್ಕಟೆ ಪಡೆದವರು, ಕೊಟ್ಟವರದು ಸತ್ತಾಗ ಒಂದು ತುಂಡನ್ನು ಹಿಂದಕ್ಕೆ ಕೊಡತಕ್ಕದ್ದು.

ಸಂಘದ ಹವಳವೆಂದರೆ ಒಬ್ಬರೇ, ನಮ್ಮ ಮೇಯರ್. ದಪ್ಪ ಕಾಂಡ, ಮೇಲೊಂದು ಅಣಬೆಯಂಥ ಕೊಡೆ, ಕೊಡೆಯ ತುಂಬ ಅಲ್ಲಾಡುವ ಎಳೆಗಳು, ಮೈ ಮುಟ್ಟಿದರೆ ತೊಗಲಿನ ಹಾಗೆ. ಎತ್ತರದ ಕಲ್ಲಿನ ಮೇಲೆ ಕೂತು ಏನೂ ಕೆಲಸ ಮಾಡದೆ ಎಲ್ಲರನ್ನೂ ನೋಡುತ್ತಾರಾದ್ದರಿಂದ ಆ ಹೆಸರು. 1994ರಿಂದ ನನ್ನ ನೆಲಮಾಳಿಗೆಯ ಮೇಯರ್ ಮೈಯಿಂದ ಇಪ್ಪತ್ತಮೂರು ಮನೆಗಳಿಗೆ ತುಂಡು ಹೋಗಿ, ಒಂದೊಂದೂ ಒಬ್ಬೊಬ್ಬ ಮೇಯರಾಗಿ ಬೆಳೆದಿದೆ. ಇಪ್ಪತ್ತೊಂದು ಮನೆಗಳಲ್ಲಿ ತೀರಿಕೊಂಡಿದ್ದಾರೆ, ಒಂದು ಮನೆಯಲ್ಲಿ ಈಗ ಆಮೆ ಇದೆ. ಉಳಿದದ್ದು ನಿಮ್ಮದು. ಕ್ಷೇಮ ಸಮಾಚಾರ ತಿಳಿಸಿ.

ನನ್ನ ಮೇಯರ್ ಕ್ಷೇಮ. ಕೊಡೆಯ ಅಗಲ ಹದಿನಾಲ್ಕು ಇಂಚು.

ಕಾರ್ಯದರ್ಶಿ,
ವರ್ನ್ ಡ್ರೆಕ್ಸ್ಲರ್


ರ‍್ಯಾಪಿಡ್ ಸಿಟಿ, ಸೌತ್ ಡಕೋಟಾ
21 ಜನವರಿ 2017

ಮಾನ್ಯ ಕಾರ್ಯದರ್ಶಿಗಳೇ,

ನಿಮ್ಮ ಕಾಗದವನ್ನು ಕ್ಲಿನಿಕ್ಕಿನಲ್ಲಿ ಊಟದ ಹೊತ್ತಿಗೆ ಓದಿದೆ. ಜೊತೆಗೆ ಕೆಲಸ ಮಾಡುವ ಟಾಮ್ರಾ, “ಯಾರೇ ಅದು, ಕಾಗದ ಓದ್ಕೊಂಡು ನಗ್ತಿದೀಯ?” ಎಂದಳು. “ಮೇಯರ್ ವಿಚಾರ” ಎಂದೆ. “ನಮ್ಮೂರ ಮೇಯರ್ ನಗೋ ಅಂಥದ್ದೇನೂ ಮಾಡಿಲ್ಲ ಬಿಡು” ಎಂದು ಮತ್ತೆ ರೊಟ್ಟಿಗೆ ಬಾಯಿಟ್ಟಳು.

ನಗುವ ಹಾಗೆ ಇಲ್ಲ. ಹತ್ತು ದಿನದಿಂದ ಮೇಯರ್ ಬಾಗಿಲು ಮುಚ್ಚಿದ್ದಾರೆ. ಒಂದು ಎಳೆಯೂ ಹೊರಗಿಲ್ಲ. ಕೊಡೆಯ ಮೇಲೆ ಮೇಣದಂಥ ಪೊರೆ ಕಟ್ಟಿದೆ, ಅದರ ಮೇಲೆ ಕಂದು ಪಾಚಿ. ಮೊದಲ ದಿನ ನೀರು ಬದಲಿಸಿದೆ, ಮೂರನೆಯ ದಿನ ದೀಪ ಎತ್ತರಿಸಿದೆ, ಐದನೆಯ ದಿನ ಇಳಿಸಿದೆ. ಹದಿನೆಂಟು ವರ್ಷದಿಂದ ಜನರ ಹಲ್ಲು ತೊಳೆದು ಜೀವನ ಮಾಡುತ್ತಿರುವವಳಿಗೆ ಕಣ್ಣೆದುರು ಕಿಟ್ಟ ಕಂಡರೆ ಕೈ ಸುಮ್ಮನಿರುವುದಿಲ್ಲ. ಉಜ್ಜಲೇ?

ಟೊಲೀಡೊದಿಂದ ಇಲ್ಲಿಗೆ ಸಾವಿರ ಮೈಲಿಗೂ ಮಿಕ್ಕಿದ ದಾರಿಯನ್ನು ನನ್ನ ಮೊಣಕಾಲುಗಳ ನಡುವೆ ಕೂತು ಬಂದವರು ಅವರು. ಈ ಊರಿನಲ್ಲಿ ನಾನು ಬರುವ ಮೊದಲಿನಿಂದ ಪರಿಚಯವಿದ್ದವರೆಂದರೆ ಅವರೊಬ್ಬರೇ. ಶೀಶೆ ಇಟ್ಟಿದ್ದೇನೆ.

ಮಾರ್ಲಿಸ್


ಟೊಲೀಡೊ
27 ಜನವರಿ 2017

ಮಾನ್ಯ ಸದಸ್ಯೆ,

ಉಜ್ಜಕೂಡದು. ಮೇಯರ್ ಅವರಿಗೆ ಕಾಯಿಲೆಯಿಲ್ಲ, ಪೊರೆ ಬಿಡುತ್ತಿದ್ದಾರೆ. ಮೈಮೇಲೆ ಕೂತ ಕೊಳೆಯನ್ನು ಚರ್ಮದ ಸಮೇತ ಕಳಚುವುದು ಆ ಜಾತಿಯ ಸ್ನಾನ. ಒಂದು ವಾರ ಆಗಬಹುದು, ಮೂರು ವಾರವೂ ಆಗಬಹುದು. ನೀರಿನ ಹರಿವು ಕೊಂಚ ಅವರ ಕಡೆ ತಿರುಗಲಿ, ಪೊರೆ ತಾನಾಗಿ ಹಾರಿಹೋಗುತ್ತದೆ. ಫಿಲ್ಟರಿನಲ್ಲಿ ಹೊಸ ಇದ್ದಿಲು ಹಾಕಿ. ದೀಪವನ್ನು ಇನ್ನು ಮುಟ್ಟಬೇಡಿ. ಏಣಿ ಹತ್ತಿ ಇಳಿದದ್ದು ನೀವು, ತಲೆ ತಿರುಗಿದ್ದು ಅವರಿಗೆ.

ಶೀಶೆಯ ನೀರು ನೋಡಿದೆ. ಉಪ್ಪು ಸರಿಯಿದೆ, ತಾಮ್ರ ಇಲ್ಲ. ತುಸು ಕೊಳೆಯಿದೆ, ಇರಬೇಕಾದಷ್ಟು. ಸಂಘದ ವತಿಯಿಂದ:

ಕದ ಮುಚ್ಚಿದವನ ಕದ ತಟ್ಟಬೇಡ,
ಪೊರೆ ಬಿಡುವವನ ಮೈ ಮುಟ್ಟಬೇಡ.

ವರ್ನ್


ಟೊಲೀಡೊ
27 ಜನವರಿ, ಅದೇ ದಿನ

ಮಾರ್ಲಿಸ್,

ಇದನ್ನು ಕಳಿಸುವುದಿಲ್ಲವೆಂದು ಗೊತ್ತಿರುವುದರಿಂದ ಅಂಚೆಚೀಟಿ ಹಚ್ಚುತ್ತಿಲ್ಲ.

ನನ್ನ ಮೇಯರ್ ಸತ್ತು ಆರು ವಾರವಾಯಿತು. ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಭಾನುವಾರ ತೊಟ್ಟಿಯ ಕೊಳವೆಯ ಪ್ಲಾಸ್ಟಿಕ್ ವಾಲ್ವ್ ಬಿರುಕು ಬಿಟ್ಟಿತು. ನಲವತ್ತು ವರ್ಷ ಕೊಳಾಯಿ ಕೆಲಸ ಮಾಡಿದ ಕೈ ಪೆಟ್ಟಿಗೆಯೊಳಗೆ ಹೋಗಿ ತನಗೆ ಗೊತ್ತಿದ್ದನ್ನೇ ತೆಗೆಯಿತು. ಹಿತ್ತಾಳೆ. ಸೋಮವಾರ ಅಂಗಡಿ ತೆರೆಯುವ ತನಕ ಇರಲಿ ಎಂದುಕೊಂಡೆ. ಒಂದು ಹನಿ ಸೋರಲಿಲ್ಲ. ಸೋರದ್ದನ್ನು ಯಾರು ನೆನೆಸಿಕೊಳ್ಳುತ್ತಾರೆ? ಮೂರು ವಾರಕ್ಕೆ ಹಿತ್ತಾಳೆಯೊಳಗಿನ ತಾಮ್ರ ನೀರಿಗೆ ಇಳಿದು ಮೊದಲು ಏಡಿಗಳು, ಆಮೇಲೆ ಮೇಯರ್. ಗುರುತು ಸಿಗದ ಹಾಗೆ ಕರಗಿಹೋದ. ಮೀನುಗಳನ್ನು ಬಕೆಟ್ಟಿನಲ್ಲಿ ಹಾಕಿ ಪರಿಚಯದವನಿಗೆ ಕೊಟ್ಟೆ. ಕಲ್ಲು, ಮರಳು, ಕೊಳವೆ, ಎಲ್ಲ ಆಚೆ ಎಸೆದು, ಗಾಜು ತೊಳೆದು, ಹೊಸ ಉಪ್ಪುನೀರು ತುಂಬಿ, ದೀಪ ಹಚ್ಚಿಟ್ಟಿದ್ದೇನೆ.

ಐರಿಸ್ ಮೆಟ್ಟಿಲ ಮೇಲಿಂದಲೇ ಕೇಳುತ್ತಾಳೆ: “ಏನ್ ನೋಡ್ತಿದೀಯ ಅಲ್ಲಿ?”

“ನೀರು.”

“ಮದುವೆ ಆದಾಗಿಂದ ನನ್ನನ್ನ ಒಂದು ದಿನ ಹಾಗೆ ನೋಡಿದ್ದಿಲ್ಲ. ಆ ಹುಡುಗೀಗೆ ಒಂದು ಕಾಗದ ಬರೆದು ತುಂಡು ಕೇಳು ಅಂದ್ರೆ ಏನು ಕಷ್ಟ ನಿಂಗೆ? ನಿಯಮ ನೀನೇ ಬರ್ದಿದ್ದಲ್ವಾ?”

ಬರೆದವನು ನಾನೇ. ಇಪ್ಪತ್ತಮೂರು ವರ್ಷ ತುಂಡು ಕೇಳಿಕೊಂಡು ನನ್ನ ಬಾಗಿಲಿಗೆ ಎಲ್ಲರೂ ಬಂದರು, ನಾಲ್ಕನೆಯ ನಿಯಮ ಹಿಡಿದು ನಾನು ಯಾರ ಬಾಗಿಲಿಗೂ ಹೋಗಲಿಲ್ಲ. ಹೋದರೆ ಹೇಗೆ ಸತ್ತ ಎಂದು ನೀನು ಕೇಳುತ್ತೀಯ. ಹಿತ್ತಾಳೆ ಎನ್ನಬೇಕು. ಯಾವ ಬಾಯಿಂದ?

ನಿನ್ನದು ಪೊರೆ ಬಿಟ್ಟು ಚೇತರಿಸಲಿ. ಬೇಸಿಗೆಯಲ್ಲಿ ಐರಿಸ್ ಜೊತೆ ಬೆಟ್ಟ ನೋಡುವ ನೆಪದಲ್ಲಿ ಅಲ್ಲಿಗೆ ಬಂದು, ಮಾತಿನ ಮಧ್ಯೆ, ಹಾಗೇ ಸುಮ್ಮನೆ ಒಂದು ತುಂಡು ಕೇಳುತ್ತೇನೆ.

ವ.


ರ‍್ಯಾಪಿಡ್ ಸಿಟಿ
12 ಫೆಬ್ರವರಿ 2017

ಪ್ರಿಯ ವರ್ನ್,

ಗುರುವಾರ ಪೊರೆ ಹಾರಿಹೋಯಿತು. ಹಳೆ ಟೋಪಿ ಬಿದ್ದ ಹಾಗೆ ಒಂದೇ ತುಂಡಾಗಿ ತೇಲಿತು. ಶುಕ್ರವಾರ ಎಳೆಗಳು ಹೊರಬಂದವು. ಸಂಘಕ್ಕೆ ಜಯವಾಗಲಿ.

ಆದರೆ ಸಂತೋಷ ಪೂರ್ತಿಯಾಗಿಲ್ಲ. ನನ್ನ ಮೇಯರ್ ಆರು ಇಂಚು, ನಿಮ್ಮವರು ಹದಿನಾಲ್ಕು. ಒಂದೇ ಮೈ, ಒಂದೇ ವಂಶ, ಎಂಟು ಇಂಚಿನ ವ್ಯತ್ಯಾಸ ಎಲ್ಲಿಂದ ಬಂತು? ನೀವು ನನ್ನ ನೀರನ್ನು ನೋಡಿದಿರಿ, ನಿಮ್ಮ ನೀರಿನ ಅಂಕಿಗಳನ್ನು ಯಾವತ್ತೂ ಹೇಳಿಲ್ಲ. ದಯವಿಟ್ಟು ಈಗಿನ ಅಂಕಿಗಳನ್ನು ಬರೆದು ಕಳಿಸಿ. ಅದಕ್ಕೆ ಸರಿಯಾಗಿ ನನ್ನದನ್ನು ಮಾಡಿಕೊಳ್ಳುತ್ತೇನೆ. ಅಂದಾಜು ಬೇಡ, ಅಳತೆ ಬೇಕು. ನನ್ನ ಕೆಲಸದಲ್ಲಿ ಅಂದಾಜು ಹೇಳಿದರೆ ರೋಗಿ ಕಚ್ಚುತ್ತಾನೆ.

ಮಾರ್ಲಿಸ್


ಟೊಲೀಡೊ
18 ಫೆಬ್ರವರಿ 2017

ಮಾನ್ಯ ಸದಸ್ಯೆ,

ಕೇಳಿದ್ದೀರಿ. ಕೆಳಗೆ ಹೋಗಿ ಅಳೆದೆ. ಒಂದೂ ಅಂದಾಜಲ್ಲ.

ಉಪ್ಪು ಮೂವತ್ತೈದು. ಶಾಖ ಎಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್. ತಾಮ್ರ ಇಲ್ಲ. ಕೊಳೆಯ ಲೆಕ್ಕದಲ್ಲಿ, ನೈಟ್ರೇಟ್ ಸೊನ್ನೆ. ಫಾಸ್ಫೇಟ್ ಸೊನ್ನೆ.

ಚೇತರಿಕೆಗೆ ಅಭಿನಂದನೆ. ಬೇಸಿಗೆಯಲ್ಲಿ ನಿಮ್ಮ ಕಡೆಯ ಬೆಟ್ಟಗಳನ್ನು ನೋಡುವ ಆಸೆ ಐರಿಸ್‌ಗೆ ಇದೆ.

ವರ್ನ್


ರ‍್ಯಾಪಿಡ್ ಸಿಟಿ
23 ಏಪ್ರಿಲ್ 2017

ಪ್ರಿಯ ವರ್ನ್,

ಎರಡು ತಿಂಗಳು ಬರೆಯದಿದ್ದುದಕ್ಕೆ ಕಾರಣ, ನಿಮ್ಮ ಅಂಕಿಗಳನ್ನು ಮುಟ್ಟಿದ ಮೇಲೆಯೇ ಬರೆಯಬೇಕೆಂಬ ಹಟ. ಮುಟ್ಟಿದ್ದೇನೆ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ವಾರಕ್ಕೆರಡು ಸಲ ನೀರು ಬದಲು, ದಿನಕ್ಕೊಂದು ಸೋಸುಬಟ್ಟೆ, ಕೊಳೆ ಹೀರುವ ಕೆಂಪು ಹರಳು ಎರಡು ಡಬ್ಬಿ. ಗಾಜಿನಾಚೆ ನೀರಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಬೇಕು, ಹಾಗಿದೆ. ಟಾಮ್ರಾ ನೋಡಿ, “ಇದ್ರಲ್ಲಿ ಬಾಯಿ ಮುಕ್ಕಳಿಸಬಹುದು ಕಣೇ” ಎಂದಳು.

ಮೇಯರ್ ಮಾತ್ರ ಸೊರಗುತ್ತಿದ್ದಾರೆ. ಕಂದು ಬಣ್ಣ ಹೋಗಿ ಕಾಗದದ ಬಣ್ಣ ಬಂದಿದೆ. ಎಳೆಗಳು ಮೊದಲಿನ ಅರ್ಧ. ಕೊಡೆಯ ಅಂಚು ಒಳಕ್ಕೆ ಸುರುಳಿ ಸುತ್ತಿದೆ. ನಾಲ್ಕೂವರೆ ಇಂಚು. ಪೊರೆಯಲ್ಲ, ಪೊರೆ ಈಗ ನನಗೆ ಗೊತ್ತು. ಶೀಶೆ ಇಟ್ಟಿದ್ದೇನೆ, ನೋಡಿ ಹೇಳಿ.

ಮಾರ್ಲಿಸ್


ಟೊಲೀಡೊ
1 ಮೇ 2017

ಮಾನ್ಯ ಸದಸ್ಯೆ,

ಶೀಶೆ ನೋಡಿದೆ. ಸೊನ್ನೆ ಎಂದದ್ದು ನಿಜ. ಎರಡು ಸಲ ಅಳೆದೆ, ಆಮೇಲೆ ಕುರ್ಚಿ ಎಳೆದುಕೊಂಡು ಕೂತೆ.

ಸೊನ್ನೆ ಬೇಡ. ತೊಗಲು ಹವಳಗಳಿಗೆ ಚೂರು ಕೊಳೆ ಬೇಕು. ಮೀನು ತಿಂದು ಹೊರಬಿಟ್ಟದ್ದು, ಮೀನು ತಿನ್ನದೆ ಉಳಿಸಿದ್ದು, ಅದೇ ಅವರ ಪಡಿ. ನೀವು ಅಡುಗೆಮನೆಯನ್ನು ತೊಳೆದು ಬೀಗ ಹಾಕಿದ್ದೀರಿ. ಕೆಂಪು ಹರಳನ್ನು ಇವತ್ತೇ ತೆಗೆಯಿರಿ. ನೀರು ಬದಲಿಸುವುದನ್ನು ಒಂದು ತಿಂಗಳು ನಿಲ್ಲಿಸಿ. ಮೀನುಗಳಿಗೆ ದಿನಕ್ಕೆರಡು ಸಲ ಕೈತುಂಬ ಊಟ ಹಾಕಿ. ನೈಟ್ರೇಟ್ ಐದಕ್ಕೆ ಬರಲಿ, ಹತ್ತಾದರೂ ಚಿಂತೆಯಿಲ್ಲ.

ಉಪ್ಪು ನೋಡು, ಶಾಖ ನೋಡು, ಬೆಳಕು ನೋಡು;
ಮೂರೂ ಸರಿಯಿದ್ದರೆ ಕೈಯ ಜೇಬಲ್ಲಿಡು.

ವಾರಕ್ಕೊಮ್ಮೆ ಅಗಲ ಅಳೆದು ಬರೆಯಿರಿ. ಕಾಂಡ ಗಟ್ಟಿಯಿದೆಯೇ, ವಾಸನೆ ಇದೆಯೇ, ಅದನ್ನೂ ಬರೆಯಿರಿ.

ವರ್ನ್


ರ‍್ಯಾಪಿಡ್ ಸಿಟಿ
14 ಮೇ 2017

ಪ್ರಿಯ ವರ್ನ್,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಬೇಸರ ಮಾಡಿಕೊಳ್ಳಬೇಡಿ, ನೀವು ನನ್ನನ್ನು ಸಮಾಧಾನ ಮಾಡಲು ಏನೋ ಹೇಳುತ್ತಿದ್ದೀರಿ ಅನ್ನಿಸಿತು. ಫೆಬ್ರವರಿಯ ನಿಮ್ಮ ಕಾಗದ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ, ಎದುರಿಗೇ ಇದೆ. ನಿಮ್ಮದು ಸೊನ್ನೆ. ನನ್ನದು ಸೊನ್ನೆ. ನಿಮ್ಮ ಮೇಯರ್ ಹದಿನಾಲ್ಕು ಇಂಚು. ಹಾಗಾದರೆ ತಪ್ಪು ನೀರಿನದಲ್ಲ, ಬೇರೆ ಏನೋ. ಸೊನ್ನೆ ವಿಷವಾಗಿದ್ದರೆ ನಿಮ್ಮವರು ಮೊದಲು ಸಾಯಬೇಕಿತ್ತು.

ಇಲ್ಲಿನ ಅಕ್ವೇರಿಯಂ ಅಂಗಡಿಯ ಕೋಲ್‌ಗೆ ಚಿತ್ರ ತೋರಿಸಿದೆ. “ಕಾಂಡ ಕೊಳೀತಿದೆ ಮೇಡಂ, ಕಾಯ್ತಾ ಕೂತ್ರೆ ಪೂರ್ತಿ ಹೋಗುತ್ತೆ” ಎಂದ. “ಕೊಡೆ ಕತ್ತರಿಸಿ, ಅಯೋಡಿನ್‌ನಲ್ಲಿ ಅದ್ದಿ, ಬೇರೆ ಕಲ್ಲಿಗೆ ಕಟ್ಟಿ. ಉಳಿದ್ರೆ ಉಳೀತು.”

“ಉಳೀದಿದ್ರೆ?”

“ಹೊಸದು ತರಿಸ್ಕೊಡ್ತೀನಿ. ನೇರಳೆ ಬಣ್ಣದ್ದಿದೆ, ಇನ್ನೂ ಚೆನ್ನಾಗಿರುತ್ತೆ.”

ಇವನಿಗೆ ಮೇಯರ್ ಯಾರೆಂದು ವಿವರಿಸುವ ಗೋಜಿಗೆ ಹೋಗಲಿಲ್ಲ. ನೀವೇನು ಹೇಳುತ್ತೀರಿ?

ಮಾರ್ಲಿಸ್


ಟೊಲೀಡೊ
20 ಮೇ 2017

ಮಾನ್ಯ ಸದಸ್ಯೆ,

ಕತ್ತರಿಸುವುದು ಬಲವಿದ್ದವರಿಗೆ ಮಾತ್ರ. ಈಗಿನ ಸ್ಥಿತಿಯಲ್ಲಿ ಕೊಡೆ ತೆಗೆದರೆ ಕೊಡೆಯೂ ಹೋಗುತ್ತದೆ, ಕಾಂಡವೂ ಹೋಗುತ್ತದೆ. ಮೀನುಗಳಿಗೆ ಊಟ ಹಾಕುತ್ತಿದ್ದೀರಾ? ಅದಕ್ಕೆ ಉತ್ತರವಿಲ್ಲ ನಿಮ್ಮ ಕಾಗದದಲ್ಲಿ.

ತೊಟ್ಟಿಯಿಂದ ತೊಟ್ಟಿಗೆ ವ್ಯತ್ಯಾಸ ಇರುತ್ತದೆ. ನನ್ನ ಅಂಕಿಗಳನ್ನು ಫ್ರಿಜ್ಜಿನಿಂದ ತೆಗೆಯಿರಿ. ಹಳೆಯವು. ಸ್ವಲ್ಪ ತಾಳಿ ಎಂದಷ್ಟೇ ಸಂಘದ ಸಲಹೆ.

ವರ್ನ್


ರ‍್ಯಾಪಿಡ್ ಸಿಟಿ
31 ಮೇ 2017

ಪ್ರಿಯ ವರ್ನ್,

ಇದು ಸ್ವಲ್ಪ ನಿಷ್ಠುರದ ಕಾಗದ. ಇಷ್ಟು ವರ್ಷದಲ್ಲಿ ನೀವು ಕಾರಣ ಹೇಳದೆ ಸಲಹೆ ಕೊಟ್ಟವರಲ್ಲ. ‘ವ್ಯತ್ಯಾಸ ಇರುತ್ತದೆ’ ಎನ್ನುವುದು ನಮ್ಮ ಡಾಕ್ಟರು ಬಿಲ್ಲಿನ ಬಗ್ಗೆ ಕೇಳಿದವರಿಗೆ ಹೇಳುವ ಮಾತು. ನಿಮಗೆ ನನ್ನ ಮೇಲೆ ಬೇಜಾರೋ, ಮೈಗೆ ಹುಷಾರಿಲ್ಲವೋ ತಿಳಿಯುತ್ತಿಲ್ಲ. ಮತ್ತೆ ಕೇಳುತ್ತಿದ್ದೇನೆ: ನಿಮ್ಮ ತೊಟ್ಟಿಯೂ ಸೊನ್ನೆಯಲ್ಲವೇ?

ಮೀನಿನ ವಿಚಾರ. ಹೇಳಿದರೆ ಬಯ್ಯುತ್ತೀರೆಂದು ಮುಚ್ಚಿಟ್ಟಿದ್ದೆ. ಮೀನುಗಳಿಲ್ಲ. ಫೆಬ್ರವರಿ ಕೊನೆಯಲ್ಲೇ ಅವನ್ನು ಕ್ಲಿನಿಕ್ಕಿನ ಕಾಯುವ ಕೋಣೆಯ ತೊಟ್ಟಿಗೆ ಕೊಟ್ಟೆ. ಅವು ಇರುವ ತನಕ ನಿಮ್ಮ ಸೊನ್ನೆ ನನಗೆ ದಕ್ಕುತ್ತಿರಲಿಲ್ಲ. ಅಲ್ಲಿ ಅವಕ್ಕೆ ಸುಖವಾಗಿದೆ, ಹಲ್ಲು ಕೀಳಿಸಿಕೊಳ್ಳಲು ಬಂದವರು ಗಾಜು ತಟ್ಟುತ್ತಾರೆ.

ಮೇಯರ್ ಈಗ ಮೂರು ಇಂಚು. ಕಾಂಡ ಒಂದು ಕಡೆಗೆ ವಾಲಿದೆ. ದಿನಾ ಬೆಳಿಗ್ಗೆ ಕಾಫಿ ಹಿಡಿದು ನೋಡುವುದು, ನೋಡಿ ಕೆಲಸಕ್ಕೆ ಹೋಗುವುದು, ಸಂಜೆ ಬಾಗಿಲು ತೆಗೆಯುವಾಗ ಇವತ್ತು ಏನು ಕಾಣಬೇಕೋ ಎಂದು ಹೆದರುವುದು, ಇದು ಸಾಕಾಗಿದೆ. ಜೂನ್ ಹತ್ತು, ಶನಿವಾರ, ನನಗೆ ರಜೆ. ಕೋಲ್ ಮನೆಗೇ ಬಂದು ಕತ್ತರಿಸಿಕೊಡುತ್ತಾನೆ. ಉಳಿದರೆ ಸರಿ. ಉಳಿಯದಿದ್ದರೂ ಪ್ರಪಂಚ ಮುಳುಗುವುದಿಲ್ಲ, ನಿಮ್ಮ ಹದಿನಾಲ್ಕು ಇಂಚು ಇದೆಯಲ್ಲ. ನಾಲ್ಕನೆಯ ನಿಯಮವನ್ನು ತಿರುಗಿಸಿ ಓದಿಕೊಂಡು ನೀವೇ ನನಗೊಂದು ತುಂಡು ಕಳಿಸುವಿರಂತೆ. ಆ ಧೈರ್ಯ ಇರುವುದಕ್ಕೇ ಕೈ ಹಾಕುತ್ತಿದ್ದೇನೆ. ಇದೇ ಕೊನೆಯದಾಗಿದ್ದರೆ ಮುಟ್ಟುವ ಎದೆ ನನಗಿರಲಿಲ್ಲ.

ಐರಿಸ್‌ಗೆ ಬೆಟ್ಟಗಳು ಕಾಯುತ್ತಿವೆ ಎಂದು ಹೇಳಿ.

ಮಾರ್ಲಿಸ್


ಟೊಲೀಡೊ
7 ಜೂನ್ 2017, ಬುಧವಾರ

ಮಾರ್ಲಿಸ್,

ಕತ್ತರಿಸಬೇಡ. ಕೋಲ್‌ನನ್ನು ಬರಬೇಡವೆನ್ನು.

ನಿನ್ನ ಕಾಗದ ನಿನ್ನೆ ಬಂತು. ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಐರಿಸ್ ಕಾರು ಹೊರಗೆ ತೆಗೆದು, “ಬೇಗ ಬರಿ, ಪ್ರಾಸ ಹುಡುಕ್ತಾ ಕೂರಬೇಡ” ಎಂದು ಹಾರ್ನ್ ಬಾರಿಸುತ್ತಿದ್ದಾಳೆ. ಶುಕ್ರವಾರ ಮಧ್ಯಾಹ್ನದೊಳಗೆ ನಿನ್ನ ಕೈಗೆ ಸಿಗುತ್ತದೆಂದು ಅಂಚೆ ಕಚೇರಿಯವಳು ಹೇಳಿದ್ದಾಳೆ. ಇವತ್ತು ಬೆಳಿಗ್ಗೆ ಕ್ಲಿನಿಕ್ಕಿಗೆ ಎರಡು ಸಲ ಫೋನ್ ಮಾಡಿ ಮಾತಾಡದೆ ಇಟ್ಟವನು ನಾನೇ. ಎರಡನೆಯ ಸಲ ನೀನು, “ಯಾರ್ರೀ ಅದು? ಹಲ್ಲು ನೋವಾ? ಬಾಯಿ ತೆಗೆಯೋಕಾಗ್ತಿಲ್ವಾ?” ಎಂದೆ. ಎರಡನೆಯದು ನಿಜವಾಗಿತ್ತು.

ಮೊದಲು ಮಾಡಬೇಕಾದ್ದು. ಕ್ಲಿನಿಕ್ಕಿನಿಂದ ಮೀನುಗಳನ್ನು ವಾಪಸು ತಾ. ಇವತ್ತೇ ತಾ. ಬರುವಾಗ ಆ ತೊಟ್ಟಿಯ ನೀರನ್ನೂ ಒಂದು ಬಕೆಟ್ ತಂದು ಸುರಿ. ಅದರಲ್ಲಿ ಔಷಧಿ ಹಾಕಿಲ್ಲ ಎಂದು ಕೇಳಿಕೊಂಡು. ಎಷ್ಟು ಕೊಳಕಾಗಿದ್ದರೆ ಅಷ್ಟು ಒಳ್ಳೆಯದು. ಕೆಂಪು ಹರಳು, ಸೋಸುಬಟ್ಟೆ ಎರಡನ್ನೂ ಆಚೆ ಎಸೆ. ಮೀನುಗಳಿಗೆ ಹೊಟ್ಟೆ ತುಂಬ ಹಾಕು, ದಿನಕ್ಕೆ ಮೂರು ಸಲ. ಗಾಜಿನ ಮೇಲೆ ಪಾಚಿ ಕಟ್ಟಿದರೆ ಕಟ್ಟಲಿ, ಕೈ ಕಟ್ಟಿಕೊಂಡು ಕೂರು. ಕಾಂಡ ವಾಲಿದ್ದು ಕೊಳೆತದ್ದಕ್ಕಲ್ಲ; ಕೊಳೆತಿದ್ದರೆ ವಾಸನೆಗೆ ನೀನು ಮನೆಯೊಳಗೆ ಇರಲಾಗುತ್ತಿರಲಿಲ್ಲ. ಹಸಿವಿನಿಂದ ವಾಲಿದೆ. ಮೂರು ಇಂಚಿದ್ದರೂ ಬದುಕುತ್ತದೆ, ನಾನು ಒಂದೂವರೆ ಇಂಚಿನಿಂದ ಬೆಳೆಸಿದವನು.

ಇದನ್ನು ನಂಬುವುದಕ್ಕೆ ನಿನಗೆ ಕಾರಣ ಬೇಕು. ಕೊಡುತ್ತೇನೆ.

ನನ್ನ ತೊಟ್ಟಿಯೂ ಸೊನ್ನೆಯಲ್ಲವೇ ಎಂದು ಕೇಳಿದ್ದೀಯ. ಹೌದು, ಸೊನ್ನೆ. ಉಣ್ಣುವವರಿಲ್ಲದ ಮನೆಯಲ್ಲಿ ಎಂಜಲು ಎಲ್ಲಿಂದ ಬರಬೇಕು? ಡಿಸೆಂಬರಿನಲ್ಲಿ ನನ್ನ ಮೇಯರ್ ಸತ್ತ. ಹಿತ್ತಾಳೆಯ ವಾಲ್ವ್. ನಾನೇ ಹಾಕಿದ್ದು. ಹದಿನಾಲ್ಕು ಇಂಚು ಎಂದದ್ದು ಸುಳ್ಳು. ಅಂಕಿಗಳು ಮಾತ್ರ ನಿಜ, ಮತ್ತು ನಿನ್ನ ಮನೆ ಕೆಡಿಸಿದ್ದು ಆ ನಿಜವೇ. ನಿನ್ನ ಹತ್ತಿರ ಇರುವುದು ಕೊನೆಯದು. ಅದನ್ನು ಉಪವಾಸ ಕೆಡವಿದವನು ನಾನು.

ವರ್ನ್